2003ರ ಸಿಟಿ ವಿಟೆಕ್‌ಗೆ ನೈಟ್ರಸ್ ಹಾಕಿಸಲಾ, ಬೇಡವಾ?

ವಿಟೆಕ್_ವಿಜಯನಗರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2003ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಹಳೇ ಶೇಪ್. ನಮ್ಮ ಮಾವ ಹೊಸದಾಗಿ ತೆಗೆದುಕೊಂಡಿದ್ದ ಗಾಡಿ, ಈಗ ನನ್ನ ಕೈಗೆ ಬಂದಿದೆ. 2023ರಲ್ಲಿ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಆಗಿದೆ, ಹಾಗಾಗಿ 2028ರವರೆಗೆ ಪೇಪರ್ ತಲೆನೋವಿಲ್ಲ. ಇಂಜಿನ್ ಇವತ್ತಿನವರೆಗೂ ಬಿಚ್ಚಿಲ್ಲ. ಹೆಡರ್ಸ್ (ಇಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಪೈಪ್‌ಗಳು) ಮತ್ತು ಇನ್‌ಟೇಕ್ (ಗಾಳಿ ಒಳಗೆ ಹೋಗುವ ದಾರಿ) ಬದಲಾಯಿಸಿದ್ದೇನೆ, ಕ್ಲಚ್ ಹೋದ ವರ್ಷ ಹೊಸದು. ಬಾಕಿ ಎಲ್ಲ ಕಂಪನಿಯಿಂದ ಬಂದ ಹಾಗೇ ಇದೆ.

ಈಗ ಪರಿಚಯದವರೊಬ್ಬರು ಸೆಕೆಂಡ್ ಹ್ಯಾಂಡ್ ನೈಟ್ರಸ್ ಕಿಟ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಇಂಜಿನ್‌ಗೆ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಿಟ್ಟು ಸ್ವಲ್ಪ ಹೊತ್ತು ಪವರ್ ಹೆಚ್ಚಿಸುವ ಕಿಟ್. ಅಮೆರಿಕದಿಂದ ತಂದದ್ದು, ವೆಟ್ ಕಿಟ್, 10 ಪೌಂಡ್ ಬಾಟಲ್ ಸಮೇತ. 35 ಮತ್ತು 50 ಹಾರ್ಸ್‌ಪವರ್ ಜೆಟ್‌ಗಳು, ಅಂದರೆ ಅಷ್ಟು ಪವರ್ ಹೆಚ್ಚಿಸುವಷ್ಟೇ ಗ್ಯಾಸ್ ಬಿಡುವ ಸಣ್ಣ ತೂತಿನ ಬಿಲ್ಲೆಗಳು, ಜೊತೆಗಿವೆ. ಟರ್ಬೊ ಮಾಡಿಸೋಣ ಅಂದರೆ ಗಾಡಿ ಬೆಲೆಗಿಂತ ಜಾಸ್ತಿ ಆಗುತ್ತದೆ. ಇದಾದರೆ ಬೇಕಾದಾಗ ಮಾತ್ರ ಬಟನ್ ಒತ್ತುವುದು, ಬೇಡದಿದ್ದರೆ ಮಾಮೂಲಿ ಸಿಟಿ, ಅಲ್ವಾ? ಮೈಲೇಜ್ ಕೂಡ ಹೋಗುವುದಿಲ್ಲ.

ಇದೇ ಗಾಡಿಯಲ್ಲಿ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತೇನೆ, ಅದು ಮುಖ್ಯ. ಮಹಾರಾಷ್ಟ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ಡ್ರ್ಯಾಗ್ (ನೇರ ದಾರಿಯ ಸಣ್ಣ ರೇಸ್) ನಡೆಯುವಾಗ ಒಂದು ಸಲವಾದರೂ ಓಡಿಸಬೇಕು ಅಂತ ಬಹಳ ದಿನದ ಆಸೆ. 50 ಶಾಟ್, ಅಂದರೆ 50 ಹಾರ್ಸ್‌ಪವರ್ ಹೆಚ್ಚುವರಿ, ಈ ಇಂಜಿನ್ ತಡೆಯುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ.

ರೆಡ್‌ಲೈನ್_ರಾಜ

ಹಾಕು ಗುರು. ಯೋಚನೆ ಮಾಡುತ್ತಾ ಕೂತರೆ ಎಲೆಕ್ಟ್ರಿಕ್ ಗಾಡಿ ಬಂದು ಎಲ್ಲ ಮುಗಿದಿರುತ್ತದೆ. 50 ಏನೂ ಅಲ್ಲ, ವಿದೇಶದಲ್ಲಿ 200 ಹಾಕುತ್ತಾರೆ.

ಗ್ರೀಸ್_ಕೈ

ರಾಜ, ವಿದೇಶದಲ್ಲಿ 200 ಹಾಕುವುದು ಆರು ಲೀಟರ್ ವಿ8ಗೆ. ಇವರದು ಒಂದೂವರೆ ಲೀಟರ್. ಸುಮ್ನೆ ಹುಡುಗನನ್ನು ಹತ್ತಿಸಬೇಡ.

ವಿಜಯನಗರದವರೇ, ಮೊದಲು ಒಂದು ಲೆಕ್ಕ ನೋಡಿ. ನಿಮ್ಮ ಇಂಜಿನ್ 106 ಹಾರ್ಸ್‌ಪವರ್. ಅದೂ ಹೊಸದಾಗಿದ್ದಾಗ. 50 ಅಂದರೆ ಹೆಚ್ಚೂಕಮ್ಮಿ ಅರ್ಧ ಇಂಜಿನ್ ಮೇಲಿಂದ ಸೇರಿಸಿದ ಹಾಗೆ. ಆದರೆ ನಿಜವಾದ ಸಮಸ್ಯೆ ಪವರ್ ಅಲ್ಲ, ಟಾರ್ಕ್, ಅಂದರೆ ತಿರುಚುವ ಬಲ. ನೈಟ್ರಸ್ ಜೆಟ್ ಒಂದು ಸೆಕೆಂಡಿಗೆ ಇಷ್ಟು ಅಂತ ಬಿಡುತ್ತಲೇ ಇರುತ್ತದೆ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನುವುದು ಅದಕ್ಕೆ ಬೇಕಿಲ್ಲ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ಆ 50 ಹಾರ್ಸ್‌ಪವರ್ ಅಂದರೆ ಸುಮಾರು 59 ನ್ಯೂಟನ್ ಮೀಟರ್ ಹೆಚ್ಚುವರಿ ಟಾರ್ಕ್. ಅದೇ 3000 ಆರ್‌ಪಿಎಂನಲ್ಲಿ ಬಟನ್ ಒತ್ತಿದರೆ 119. ನಿಮ್ಮ ಇಂಜಿನ್ ತಾನಾಗಿ ಕೊಡುವ ಪೂರ್ತಿ ಟಾರ್ಕ್ 130ರ ಆಸುಪಾಸು. ಪ್ರತಿ ಸಲ ಉರಿಯುವಾಗ ಪಿಸ್ಟನ್ ತಲೆ ಮೇಲೆ ಬೀಳುವ ಒತ್ತಡ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಕನೆಕ್ಟಿಂಗ್ ರಾಡ್ ಬಗ್ಗುವುದು, ರಿಂಗ್ ಕೂರುವ ಜಾಗ ಒಡೆಯುವುದು ಇಲ್ಲೇ. ಅದಕ್ಕೇ ಕೈಯಲ್ಲಿ ಒತ್ತುವ ಬಟನ್ ಒಂದನ್ನೇ ನಂಬಬಾರದು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಆನ್ ಆಗುವ ಸ್ವಿಚ್ ಬೇಕು, ಜೊತೆಗೆ ಆರ್‌ಪಿಎಂ ನೋಡುವ ವಿಂಡೋ ಸ್ವಿಚ್ ಬೇಕು. 3500ರ ಕೆಳಗೆ ಬಿಡಬಾರದು, ರೆವ್ ಲಿಮಿಟರ್ (ಇಂಜಿನ್ ಅತಿ ಜೋರಾಗಿ ತಿರುಗದಂತೆ ತಡೆಯುವ ಮಿತಿ) ತಲುಪುವ ಮೊದಲೇ ನಿಲ್ಲಬೇಕು. ಲಿಮಿಟರ್‌ನಲ್ಲಿ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಕಟ್ ಮಾಡುತ್ತದೆ, ನೈಟ್ರಸ್ ಮಾತ್ರ ಒಳಗೆ ಹೋಗುತ್ತಲೇ ಇರುತ್ತದೆ. ಮುಂದಿನದ್ದು ಹೇಳಬೇಕಿಲ್ಲ.

ನೈಟ್ರಸ್ ತಾನಾಗಿ ಉರಿಯುವ ಗ್ಯಾಸ್ ಅಲ್ಲ, ಬಹಳ ಜನಕ್ಕೆ ಇದೇ ತಪ್ಪು ತಿಳಿವಳಿಕೆ. ಅದು ಆಮ್ಲಜನಕ ಹೊತ್ತು ತರುವ ಗ್ಯಾಸ್. ತೂಕದಲ್ಲಿ ನೋಡಿದರೆ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 23 ಭಾಗ, ನೈಟ್ರಸ್‌ನಲ್ಲಿ 36 ಭಾಗ. ಇಂಜಿನ್ ಒಳಗಿನ ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಆ ಹೆಚ್ಚುವರಿ ಆಮ್ಲಜನಕಕ್ಕೆ ತಕ್ಕ ಪೆಟ್ರೋಲ್ ಸಿಕ್ಕರೆ ಪವರ್, ಸಿಗದಿದ್ದರೆ ಪಿಸ್ಟನ್ ಕರಗುತ್ತದೆ. ಗಾಳಿಗೆ ತೂಕದಲ್ಲಿ 14.7ಕ್ಕೆ 1 ಅಂತ ಪೆಟ್ರೋಲ್ ಬೇಕಾದರೆ ನೈಟ್ರಸ್‌ಗೆ ಸುಮಾರು 9.6ಕ್ಕೆ 1. ನಿಮ್ಮದು ವೆಟ್ ಕಿಟ್, ಅಂದರೆ ಅದೇ ನಾಝಲ್ ಪೆಟ್ರೋಲನ್ನೂ ಚಿಮ್ಮಿಸುತ್ತದೆ, ಇಸಿಯು ಮುಟ್ಟಬೇಕಿಲ್ಲ. ಒಳ್ಳೆಯದೇ. ಆದರೆ ಆ ಪೆಟ್ರೋಲ್ ಬರಬೇಕಾದ್ದು ನಿಮ್ಮ ಟ್ಯಾಂಕ್ ಒಳಗಿರುವ 2003ರ ಪಂಪ್‌ನಿಂದ. ಅದು ಬದಲಾಗಿದೆಯಾ? ಫ್ಯುಯೆಲ್ ಪ್ರೆಷರ್ ಯಾವತ್ತಾದರೂ ಗೇಜ್ ಹಾಕಿ ನೋಡಿದ್ದೀರಾ?

ಇನ್ನು ಟೈಮಿಂಗ್, ಅಂದರೆ ಸ್ಪಾರ್ಕ್ ಯಾವಾಗ ಹಾರಬೇಕು ಅನ್ನುವುದು. ನೈಟ್ರಸ್ ಹೋದಾಗ ಉರಿಯುವ ವೇಗ ಜಾಸ್ತಿ, ಹಾಗಾಗಿ ಸ್ಪಾರ್ಕ್ ತಡ ಮಾಡಬೇಕು. 50 ಹಾರ್ಸ್‌ಪವರ್‌ಗೆ ಸುಮಾರು 2 ಡಿಗ್ರಿ ಅನ್ನುವುದು ಎಲ್ಲರೂ ಬಳಸುವ ಅಂದಾಜು. ಹೊಸ ಇಸಿಯು ಇದ್ದರೆ ನೈಟ್ರಸ್ ಆನ್ ಆದಾಗ ಮಾತ್ರ ತಡ ಮಾಡಿಸಬಹುದು. ನಿಮ್ಮದರಲ್ಲಿ ಸ್ಪಾರ್ಕ್ ಹಂಚುವುದು ಡಿಸ್ಟ್ರಿಬ್ಯೂಟರ್. ಅದನ್ನು ತಿರುಗಿಸಿ ಟೈಮಿಂಗ್ ಹಿಂದೆ ಸರಿಸಿದರೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವಾಗಲೂ ಅದೇ ಮಂದ ಟೈಮಿಂಗ್. ಬೇಡದಿದ್ದರೆ ಮಾಮೂಲಿ ಸಿಟಿ ಅಂದಿರಲ್ಲ, ಅದು ಇಲ್ಲಿಗೆ ಮುಗಿಯಿತು. ಪ್ಲಗ್ ಕೂಡ ಒಂದು ಹೆಜ್ಜೆ ಕೋಲ್ಡ್, ಅಂದರೆ ಬಿಸಿಯನ್ನು ಬೇಗ ಬಿಡುವಂಥದ್ದು, ಹಾಕಬೇಕು. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತು ನಿಂತು ಅದು ಮಸಿ ಹಿಡಿಯುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ನೋಡುವುದು) ಮಾಡಿಸಿ. ನಾಲ್ಕು ಸಿಲಿಂಡರ್‌ಗಳ ನಡುವೆ ವ್ಯತ್ಯಾಸ 10 ಪರ್ಸೆಂಟ್ ಮೀರಿದರೆ ನೈಟ್ರಸ್ ಮಾತೇ ಬೇಡ. ಸಾಧ್ಯವಾದರೆ ಲೀಕ್‌ಡೌನ್ (ಒತ್ತಡ ಎಷ್ಟು ಸೋರುತ್ತದೆ ಅನ್ನುವ ಟೆಸ್ಟ್) ಕೂಡ. ಇಪ್ಪತ್ತು ದಾಟಿದ ಇಂಜಿನ್ ಹೊರಗಿನಿಂದ ಎಷ್ಟೇ ನಯವಾಗಿ ಓಡುತ್ತಿದ್ದರೂ ಒಳಗೆ ರಿಂಗ್ ಹೇಗಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ.

ಟೆಕ್ಸಾಸ್_ತುಮಕೂರು

ಗ್ರೀಸ್ ಅಣ್ಣ ಹೇಳಿದ್ದರಲ್ಲಿ ತಾಂತ್ರಿಕವಾಗಿ ಸೇರಿಸುವುದು ಜಾಸ್ತಿ ಇಲ್ಲ. ಆದರೆ ನೈಟ್ರಸ್ ಅಂದರೇ ಇಂಜಿನ್ ಸಾಯಿಸುವ ವಿಷ ಅನ್ನುವ ಹಾಗೆ ಮಾತು ಹೋಗುತ್ತಿದೆ, ಅದು ಪೂರ್ತಿ ನ್ಯಾಯ ಅಲ್ಲ.

ನಾನು ಹ್ಯೂಸ್ಟನ್ ಹತ್ತಿರ ಇರುವುದು. ನನ್ನದು 2014ರ ಮಸ್ಟಾಂಗ್ ಜಿಟಿ, 5 ಲೀಟರ್, ಕಂಪನಿ ಲೆಕ್ಕದಲ್ಲಿ 420 ಹಾರ್ಸ್‌ಪವರ್. ಅದಕ್ಕೆ 100 ಶಾಟ್ ಹಾಕಿ ವರ್ಷಗಟ್ಟಲೆ ಓಡಿಸುತ್ತಿದ್ದೇನೆ, ಇಂಜಿನ್ ಚೆನ್ನಾಗಿದೆ. ಇಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಪವರ್ ಬೇರೆ ಯಾವುದೂ ಕೊಡುವುದಿಲ್ಲ. ಟರ್ಬೊ, ಸೂಪರ್‌ಚಾರ್ಜರ್‌ನ ಬಿಸಿ ಇಲ್ಲ. ಬಾಟಲಿನಿಂದ ಹೊರಗೆ ಬಂದ ಕೂಡಲೇ ದ್ರವ ಆವಿಯಾಗುತ್ತದೆ, ಮೈನಸ್ 88 ಡಿಗ್ರಿಯಲ್ಲಿ ಕುದಿಯುವ ವಸ್ತು ಅದು, ಒಳಗೆ ಹೋಗುವ ಗಾಳಿಯನ್ನೇ ತಣ್ಣಗೆ ಮಾಡಿ ಇನ್ನಷ್ಟು ಗಟ್ಟಿ ಮಾಡುತ್ತದೆ. ಟೆಕ್ಸಾಸ್ ಬೇಸಿಗೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಆದರೆ ಗಮನಿಸಿ, 420ಕ್ಕೆ 100 ಅಂದರೆ ಕಾಲು ಭಾಗವೂ ಇಲ್ಲ. ನಿಮ್ಮ 106ಕ್ಕೆ ಅದೇ ಲೆಕ್ಕ ಹಾಕಿದರೆ 25. ನನ್ನನ್ನು ಕೇಳಿದರೆ ಜೆಟ್ 25ರದ್ದು ಹುಡುಕಿ, 35ರ ಮೇಲೆ ಕನಸಲ್ಲೂ ಬೇಡ.

ಇನ್ನೊಂದು, ಕಿಟ್ ಬೆಲೆ ಮಾತ್ರ ನೋಡಬೇಡಿ. ಇಲ್ಲಿ ಸಾಧಾರಣ ವೆಟ್ ಕಿಟ್ 700ರಿಂದ 1000 ಡಾಲರ್‌ಗೆ ಸಿಗುತ್ತದೆ. ಆಮೇಲೆ ಬಾಟಲ್ ಹೀಟರ್, ವಿಂಡೋ ಸ್ವಿಚ್, ಪೆಟ್ರೋಲ್ ಪ್ರೆಷರ್ ಬಿದ್ದರೆ ನೈಟ್ರಸ್ ನಿಲ್ಲಿಸುವ ಸೇಫ್ಟಿ ಸ್ವಿಚ್, ಪ್ರೆಷರ್ ಗೇಜ್, ಪ್ಲಗ್, ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಟ್ಯೂನ್, ಎಲ್ಲ ಸೇರಿಸಿದರೆ ಇನ್ನೊಂದು ಕಿಟ್ ದುಡ್ಡು. ಸೆಕೆಂಡ್ ಹ್ಯಾಂಡ್ ಕಿಟ್ ಅಂದಿರಿ. ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಎರಡನ್ನೂ ಬಿಚ್ಚಿ ಒಳಗಿನ ಸೀಲ್ ನೋಡದೆ ಹಾಕಬೇಡಿ. ನೈಟ್ರಸ್ ಸೊಲೆನಾಯ್ಡ್ ತೆರೆದೇ ಉಳಿದು ಪೆಟ್ರೋಲಿನದು ಮುಚ್ಚಿಕೊಂಡರೆ ನೀವು ಬಟನ್ ಬಿಟ್ಟರೂ ಉಪಯೋಗವಿಲ್ಲ.

ಬಾಟಲ್ ಬಿಸಿ ಬಗ್ಗೆ ಯಾರೂ ಹೇಳಲಿಲ್ಲ, ಬೆಂಗಳೂರಿನವರಿಗೆ ಇದು ಸ್ವಾರಸ್ಯ ಅನ್ನಿಸಬಹುದು. ಬಾಟಲ್ 20 ಡಿಗ್ರಿಯಲ್ಲಿದ್ದರೆ ಒಳಗಿನ ಒತ್ತಡ ಸುಮಾರು 735 ಪಿಎಸ್‌ಐ. 30 ಡಿಗ್ರಿಯಲ್ಲಿ 900 ದಾಟುತ್ತದೆ. ಕಿಟ್‌ಗಳ ಜೆಟ್ ಲೆಕ್ಕ ಸಾಮಾನ್ಯವಾಗಿ ಈ 900ರಿಂದ 1000ದ ಒಳಗೇ ಇರುತ್ತದೆ. ಅಂದರೆ ಡಿಸೆಂಬರ್ ಬೆಳಿಗ್ಗೆ ನಿಮ್ಮ ಗಾಡಿ ಪೆಟ್ರೋಲ್ ಜಾಸ್ತಿಯಾಗಿ ಕೆಮ್ಮುತ್ತದೆ, ಏಪ್ರಿಲ್ ಮಧ್ಯಾಹ್ನ ಅದೇ ಜೆಟ್‌ನಲ್ಲಿ ನೈಟ್ರಸ್ ಜಾಸ್ತಿ ಹೋಗಿ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲದಾಗುತ್ತದೆ. 36.4 ಡಿಗ್ರಿ ದಾಟಿದರೆ ಒಳಗೆ ದ್ರವ ಬೇರೆ ಗ್ಯಾಸ್ ಬೇರೆ ಅಂತ ಉಳಿಯುವುದೇ ಇಲ್ಲ, ಒತ್ತಡ ಸರ್ರನೆ ಏರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಮಾಮೂಲು. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೇ 40 ಇರುತ್ತದೆ. ಬಾಟಲ್‌ಗೆ ಒಂದು ಒಡೆಯುವ ಡಿಸ್ಕ್ ಇರುತ್ತದೆ, ಒತ್ತಡ ಮಿತಿ ಮೀರಿದರೆ ಅದು ಒಡೆದು ಗ್ಯಾಸ್ ಹೊರಗೆ ಹೋಗುತ್ತದೆ. ಹೊರಗೆ ಅಂದರೆ ಎಲ್ಲಿಗೆ? ಪೈಪ್ ಹಾಕಿ ಕಾರಿನಿಂದ ಆಚೆ ಬಿಟ್ಟಿಲ್ಲದಿದ್ದರೆ ನಿಮ್ಮ ಹಿಂದಿನ ಸೀಟಿಗೆ. ಇಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಬಾಟಲ್ ಮೇಲೆ 1800 ಪಿಎಸ್‌ಐ ಮುದ್ರೆ ಇರಬೇಕು, ಗಟ್ಟಿಯಾಗಿ ಬಿಗಿದಿರಬೇಕು, ಹೋಸ್ ಕ್ಲಾಂಪ್, ಪ್ಲಾಸ್ಟಿಕ್ ಟೈ ನಡೆಯುವುದಿಲ್ಲ. ಡ್ರೈವರ್ ಕೂರುವ ಜಾಗದಲ್ಲೇ ಬಾಟಲ್ ಇದ್ದರೆ ರಿಲೀಫ್ ವಾಲ್ವ್ ಹೊರಗೆ ತೆರೆದುಕೊಳ್ಳಬೇಕು. ಬಿಸಿ ಮಾಡಲು ಥರ್ಮೋಸ್ಟಾಟ್ ಇರುವ ಹೊದಿಕೆ ಹೀಟರ್ ಮಾತ್ರ.

ಇಲ್ಲಿ ನನಗೆ ನೈಟ್ರಸ್ ಸಲೀಸು, ಯಾಕೆಂದರೆ ಸ್ಪೀಡ್ ಶಾಪ್‌ಗೆ ಬಾಟಲ್ ತೆಗೆದುಕೊಂಡು ಹೋದರೆ ತೂಕ ಹಾಕಿ ತುಂಬಿ ಕೊಡುತ್ತಾರೆ. ವಾರಾಂತ್ಯದಲ್ಲಿ ಡ್ರ್ಯಾಗ್ ಸ್ಟ್ರಿಪ್ ತೆರೆದಿರುತ್ತದೆ, ಫೀಸ್ ಕಟ್ಟಿ ಯಾರು ಬೇಕಾದರೂ ಓಡಿಸಬಹುದು. ನಿಮ್ಮಲ್ಲಿ ತುಂಬಿಸುವುದು ಎಲ್ಲಿ? ಅದಕ್ಕೆ ಉತ್ತರ ಸಿಗದೆ ಕಿಟ್ ದುಡ್ಡು ಕೊಡಬೇಡಿ.

ವಿಟೆಕ್_ವಿಜಯನಗರ

ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಗ್ರೀಸ್ ಸಾರ್, ಪಂಪ್ ಬದಲಾಗಿಲ್ಲ. ಪ್ರೆಷರ್ ನೋಡಿಲ್ಲ.

ತುಂಬಿಸುವ ವಿಷಯಕ್ಕೆ ಕಿಟ್ ಮಾರುವವರು ಹೇಳಿದ್ದು ಏನೆಂದರೆ ಆಸ್ಪತ್ರೆಗಳಿಗೆ ಗ್ಯಾಸ್ ಸಪ್ಲೈ ಮಾಡುವವರ ಹತ್ತಿರ ಇದೇ ನೈಟ್ರಸ್ ಸಿಗುತ್ತದೆ, ಪರಿಚಯ ಇದ್ದರೆ ಹಾಕಿಕೊಡುತ್ತಾರೆ ಅಂತ. ಇನ್ನೂ ಶುದ್ಧವಾದದ್ದು ಅಂತೆ. ಅದು ಆಗುತ್ತದಾ?

ಅರಿವಳಿಕೆ_ದಾವಣಗೆರೆ

ನಾನು ಅರಿವಳಿಕೆ ಡಾಕ್ಟರ್, ದಿನಾ ಈ ಗ್ಯಾಸ್ ಜೊತೆಗೇ ಕೆಲಸ. ಕಾರಿನ ಹುಚ್ಚು ಬೇರೆ ಇದೆ, ಅದಕ್ಕೇ ಇಲ್ಲಿ ಓದುತ್ತಿರುತ್ತೇನೆ. ಆ ಮಾರುವವರ ಮಾತು ಬಿಟ್ಟುಬಿಡಿ.

ಗ್ಯಾಸ್ ಒಂದೇ, ನಿಜ. ಆಸ್ಪತ್ರೆಯ ನೀಲಿ ಸಿಲಿಂಡರ್‌ನಲ್ಲಿ ಇರುವುದೂ ನೈಟ್ರಸ್ ಆಕ್ಸೈಡೇ. ಅಮೆರಿಕದಲ್ಲಿ ಕಾರಿಗೆ ಮಾರುವುದರಲ್ಲಿ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಸೇರಿಸಿರುತ್ತಾರೆ, ಯಾರೂ ನಶೆಗೆ ಎಳೆಯದಿರಲಿ ಅಂತ, ಅಷ್ಟೇ ವ್ಯತ್ಯಾಸ. ಆದರೆ ನಮ್ಮ ಸಿಲಿಂಡರ್ ನಿಲ್ಲಿಸಿ ವಾಲ್ವ್ ತೆರೆದರೆ ಮೇಲಿನ ಗ್ಯಾಸ್ ಬರುತ್ತದೆ, ರೋಗಿಗೆ ಬೇಕಾದ್ದು ಅದೇ. ಕಾರಿನ ಬಾಟಲ್‌ನಲ್ಲಿ ತಳದವರೆಗೆ ಒಂದು ಕೊಳವೆ ಇದ್ದು ದ್ರವವನ್ನು ಎಳೆಯುತ್ತದೆ, ಜೆಟ್ ಲೆಕ್ಕವೆಲ್ಲ ದ್ರವಕ್ಕೆ. ಒಂದರಿಂದ ಇನ್ನೊಂದಕ್ಕೆ ಸುರಿಯುವುದು ಮನೆ ಶೆಡ್‌ನಲ್ಲಿ ಮಾಡುವ ಕೆಲಸವಲ್ಲ. ಎಷ್ಟು ತುಂಬಿದೆ ಅಂತ ಪ್ರೆಷರ್ ಗೇಜ್ ಹೇಳುವುದೇ ಇಲ್ಲ. ಒಳಗೆ ಒಂದು ಲೋಟ ದ್ರವ ಇದ್ದರೂ, ಪೂರ್ತಿ ಇದ್ದರೂ ಗೇಜ್ ಅದೇ ಅಂಕಿ ತೋರಿಸುತ್ತದೆ, ದ್ರವ ಮುಗಿದ ಮೇಲಷ್ಟೇ ಬೀಳುತ್ತದೆ. ಅದಕ್ಕೇ ತೂಕ ಹಾಕಬೇಕು. ಜಾಸ್ತಿ ತುಂಬಿದ ಬಾಟಲ್ ತಣ್ಣಗಿದ್ದಾಗ ಒಳ್ಳೆಯ ಹಾಗೇ ಕಾಣುತ್ತದೆ, ಬಿಸಿಲಿಗೆ ಬಂದಾಗ ದ್ರವ ಹಿಗ್ಗಲು ಜಾಗವಿರುವುದಿಲ್ಲ. ಮೇಲಿನವರು ಹೇಳಿದ 36 ಡಿಗ್ರಿ ಕಥೆ ಆಗ ಶುರು. ವಾಲ್ವ್, ಪೈಪ್ ಜೋಡಣೆಗೆ ಎಣ್ಣೆ, ಗ್ರೀಸ್ ತಾಗಿದ್ದರೆ ಇನ್ನೂ ಅಪಾಯ. ಗ್ಯಾರೇಜ್‌ನಲ್ಲಿ ಎಣ್ಣೆ ತಾಗದ ಕೈ ಯಾವುದಿದೆ ಹೇಳಿ.

ಸೋರಿಕೆ ಬಗ್ಗೆಯೂ ಹೇಳಬೇಕು. ಈ ಗ್ಯಾಸ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸಣ್ಣಗೆ ಸಿಹಿ ವಾಸನೆ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಗಾಜು ಏರಿಸಿ ಎಸಿ ಹಾಕಿಕೊಂಡು ಹೋಗುತ್ತಿರುವಾಗ ಡಿಕ್ಕಿಯಿಂದ ಒಳಗೆ ಸೋರಿದರೆ ತಲೆ ಹಗುರ ಅನ್ನಿಸುವ ಹೊತ್ತಿಗೆ ನಿಮ್ಮ ತೀರ್ಮಾನ ಶಕ್ತಿ ಹೋಗಿರುತ್ತದೆ. ನಾವು ಆಪರೇಷನ್ ಥಿಯೇಟರ್‌ನಲ್ಲಿ ಜೊತೆಗೆ ಆಮ್ಲಜನಕ ಕೊಟ್ಟೇ ಇದನ್ನು ಕೊಡುವುದು. ಸಿಟಿಯಂಥ ಗಾಡಿಯಲ್ಲಿ ಡಿಕ್ಕಿಗೂ ಕ್ಯಾಬಿನ್‌ಗೂ ನಡುವೆ ಇರುವುದು ಹಿಂದಿನ ಸೀಟಿನ ಬೆನ್ನು ಮತ್ತು ಒಂದು ರಟ್ಟು, ಅಷ್ಟೇ.

ಸಪ್ಲೈ ಮಾಡುವವನು ಪರಿಚಯಕ್ಕೆ ತುಂಬಿ ಕೊಟ್ಟರೆ ಅವನ ಲೈಸೆನ್ಸ್‌ಗೂ ಕುತ್ತು.

ಆರ್‌ಟಿಒ_ರಗಳೆ

ಡಾಕ್ಟ್ರು ಕೊನೆಯಲ್ಲಿ ಹೇಳಿದ್ದನ್ನು ಸ್ವಲ್ಪ ಬಿಡಿಸುತ್ತೇನೆ. ನಾನು ವಕೀಲ, ಮೋಟಾರು ಕೇಸುಗಳು ಜಾಸ್ತಿ ನೋಡುತ್ತೇನೆ.

ಗ್ಯಾಸ್ ಸಿಲಿಂಡರ್ ನಿಯಮ 2016ರ ಪ್ರಕಾರ ಪೆಸೊ ಒಪ್ಪಿಗೆ ಇಲ್ಲದ ಸಿಲಿಂಡರ್ ಅನ್ನು ಇಲ್ಲಿ ತುಂಬುವ ಹಾಗಿಲ್ಲ. ಪೆಸೊ ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ, ಮುಖ್ಯ ಕಚೇರಿ ನಾಗಪುರ. ನಿಮ್ಮ ಬಾಟಲ್ ಮೇಲೆ ಅಮೆರಿಕದ ಮುದ್ರೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿಯ ನಿಯಮಕ್ಕೆ ಅದು ಮುದ್ರೆ ಅಲ್ಲ. ಸರಿಯಾದ ವ್ಯಾಪಾರಿ ಮುಟ್ಟುವುದಿಲ್ಲ. ಮುಟ್ಟುವವನು ಸರಿಯಾದ ವ್ಯಾಪಾರಿ ಅಲ್ಲ.

ಗಾಡಿ ವಿಷಯಕ್ಕೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ನೋಡಿ. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಪ್ರತಿ ಬದಲಾವಣೆಗೆ ಅನ್ನುವುದನ್ನು ಗಮನಿಸಿ. ರಸ್ತೆಯಲ್ಲಿ ರೇಸ್ ಮಾಡಿದರೆ ಸೆಕ್ಷನ್ 189 ಬೇರೆ.

ಸಿಎನ್‌ಜಿ ಕಿಟ್ ಹಾಕಿಸಬಹುದಲ್ಲ, ಇದು ಯಾಕಾಗಬಾರದು ಅಂತ ಕೇಳುತ್ತಾರೆ. ಸಿಎನ್‌ಜಿಗೆ ಒಪ್ಪಿಗೆ ಪಡೆದ ಕಿಟ್ ಇದೆ, ಆರ್‌ಸಿಯಲ್ಲಿ ಬರೆಸುತ್ತೀರಿ, ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರು ತುಂಬಿ ಒತ್ತಡ ಪರೀಕ್ಷೆ) ಇದೆ. ನೈಟ್ರಸ್‌ಗೆ ಅಂಥ ದಾರಿ ಇಲ್ಲ. 2028ರಲ್ಲಿ ಎಫ್‌ಸಿಗೆ ಹೋಗುವಾಗ ಎಲ್ಲ ಬಿಚ್ಚಿಟ್ಟು ಹೋಗಬಹುದು ಅಂತ ನಿಮ್ಮ ತಲೆಯಲ್ಲಿ ಓಡುತ್ತಿರಬಹುದು. ಅಪಘಾತವಾದ ದಿನ ಬಿಚ್ಚಿಡಲು ಸಮಯ ಸಿಗುವುದಿಲ್ಲ. ತಪ್ಪು ಎದುರಿನವನದ್ದೇ ಇದ್ದರೂ ಸ್ಪಾಟ್‌ಗೆ ಬಂದ ಪೊಲೀಸರು ಡಿಕ್ಕಿಯಲ್ಲಿ ಸಿಲಿಂಡರ್ ನೋಡಿದ ಮೇಲೆ ಮಾತು ನಿಮ್ಮ ಕಡೆ ತಿರುಗುತ್ತದೆ, ಇನ್ಶೂರೆನ್ಸ್‌ನವರಿಗೂ ಒಂದು ಕಾರಣ ಸಿಕ್ಕಿತು.

ಓಡಿಸುವುದಾದರೂ ಎಲ್ಲಿ? ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ದಾರಿಯುದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್.

ರೆಡ್‌ಲೈನ್_ರಾಜ

ವಕೀಲರೇ, ಹೆಡರ್ಸ್ ಹಾಕಿದ್ದೂ ಹಾಗಾದರೆ ತಪ್ಪೇ. ಇಲ್ಲಿ ಇರುವವರಲ್ಲಿ ಅರ್ಧ ಜನ ಒಳಗೆ ಹೋಗಬೇಕಾಗುತ್ತದೆ 😄

ಆರ್‌ಟಿಒ_ರಗಳೆ

ಅರ್ಧ ಅಲ್ಲ, ಮುಕ್ಕಾಲು. ಆದರೆ ಹೆಡರ್ಸ್ ಒತ್ತಡ ತಡೆಯದೆ ಒಡೆಯುವುದಿಲ್ಲ.

ಕಡಲಕರೆ_ಕಾರು

ಮಾರಾಯ್ರೇ, ಎಲ್ಲರೂ ಬೇಡ ಬೇಡ ಅಂದಾಯಿತು, ಬೇಕಾದ್ದು ಏನು ಅಂತ ಯಾರೂ ಹೇಳಲಿಲ್ಲ. ನನ್ನ ಹತ್ತಿರವೂ ಇದೇ ಗಾಡಿ ಇತ್ತು, ಮಂಗಳೂರಿನಲ್ಲಿ.

ಒಂದು ವಿಷಯ ಗೊತ್ತಾ, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಗಾಳಿ ಅಲ್ಲಿ ಸುಮಾರು 10 ಪರ್ಸೆಂಟ್ ತೆಳು. ಟರ್ಬೊ ಇಲ್ಲದ ಇಂಜಿನ್ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ. ನಿಮ್ಮ 106ರಲ್ಲಿ ಹತ್ತು ಕುದುರೆ ಶಿರಾಡಿ ಘಾಟಿ ಕೆಳಗೇ ಉಳಿದವು. ನೈಟ್ರಸ್‌ಗೆ ಎತ್ತರದ ಹಂಗಿಲ್ಲ, ಬಾಟಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಯುದ್ಧ ವಿಮಾನಕ್ಕೆ ಇದನ್ನು ಹಾಕಿದ್ದೇ ಆ ಕಾರಣಕ್ಕೆ, ಜಿಎಂ-1 ಅಂತ ಹೆಸರು, ತುಂಬಾ ಮೇಲೆ ಗಾಳಿ ಸಾಲದೆ ಇಂಜಿನ್ ಸೋತಾಗ ಕೆಲಸಕ್ಕೆ ಬರುತ್ತಿತ್ತು. ಹಾಗಾಗಿ ಆಸೆ ಹುಟ್ಟುವುದು ಸಹಜ, ನಾನು ಬೈಯುವುದಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. 10 ಪೌಂಡ್ ಬಾಟಲ್ 50 ಶಾಟ್‌ನಲ್ಲಿ ಒಟ್ಟು ಮೂರು ನಾಲ್ಕು ನಿಮಿಷ ಬರುತ್ತದೆ. ಅದರಲ್ಲೂ ಕೊನೆಯ ಭಾಗದಲ್ಲಿ ಒತ್ತಡ ಬಿದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ನಾಲ್ಕು ನಿಮಿಷಕ್ಕಾಗಿ ವರ್ಷವಿಡೀ ಡಿಕ್ಕಿಯಲ್ಲಿ ಬಾಟಲ್ ಹೊತ್ತು ಬೊಮ್ಮನಹಳ್ಳಿ ಸಿಗ್ನಲ್‌ನಲ್ಲಿ ನಿಲ್ಲುವುದು ಅಂದರೆ ಮದುವೆಗೆ ತಂದ ಬ್ಯಾಂಡ್‌ಸೆಟ್‌ನವರನ್ನು ಮನೆಯಲ್ಲೇ ಉಳಿಸಿಕೊಂಡ ಹಾಗೆ.

ಅದೇ ದುಡ್ಡಲ್ಲಿ ಫ್ಯುಯೆಲ್ ಪಂಪ್ ಹೊಸದು ಹಾಕಿ, ಇಂಜೆಕ್ಟರ್ ತೊಳೆಸಿ, ಎಲ್ಲ ಮೌಂಟಿಂಗ್ ಬದಲಾಯಿಸಿ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ, ಯಾವಾಗ ನೋಡಿಸಿದ್ದೀರಿ? ಈ ಇಂಜಿನ್‌ಗೆ ಅದನ್ನು ಕೈಯಲ್ಲೇ ಅಡ್ಜಸ್ಟ್ ಮಾಡಬೇಕು, ಮಾಡಿಸದೆ ಓಡಿಸುವವರೇ ಜಾಸ್ತಿ. ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್ ವೈರ್ ಕೂಡ. ನನ್ನ ಗಾಡಿಯಲ್ಲಿ ಇಷ್ಟು ಮಾಡಿದ ಮೇಲೆಯೇ ವಿಟೆಕ್ (ಜೋರಾಗಿ ತಿರುಗುವಾಗ ವಾಲ್ವ್ ಹೆಚ್ಚು ತೆರೆಯುವ ಹೋಂಡಾ ವ್ಯವಸ್ಥೆ) ತೆರೆದುಕೊಳ್ಳುವುದು ಸರಿಯಾಗಿ ಕೇಳಿಸಿದ್ದು, ಅಲ್ಲಿಯವರೆಗೆ ಮಲಗಿತ್ತು. ಆಮೇಲೆ ಟೈರು, ಬ್ರೇಕು. ಈ ಗಾಡಿಯ ಬ್ರೇಕು ಈಗಿನ ಪವರ್‌ಗೇ ಸಾಲದು, ಇದನ್ನು ಓಡಿಸಿದವರೆಲ್ಲ ಒಪ್ಪುತ್ತಾರೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ಪ್ರೋಗ್ರಾಂ ಮಾಡುವ ಇಸಿಯು ಹಾಕಿಸಿ ಟ್ಯೂನ್ ಮಾಡಿಸಿ. ಬರುವುದು ಹತ್ತು ಹದಿನೈದು ಹಾರ್ಸ್‌ಪವರ್ ಇರಬಹುದು, ಆದರೆ ದಿನಾ ಸಿಗುತ್ತದೆ, ತುಂಬಿಸುವ ಗೋಳಿಲ್ಲ.

ಡ್ರ್ಯಾಗ್‌ಗೆ ಹೋಗಿ, ಖಂಡಿತ ಹೋಗಿ. ಆಂಬಿ ವ್ಯಾಲಿಗೋ, ಚೆನ್ನೈ ಹತ್ತಿರದ ಇರುಂಗಾಟುಕೋಟೈಗೋ, ಯಾವುದು ನಡೆಯುತ್ತದೋ ಅದಕ್ಕೆ. ನೈಟ್ರಸ್ ಹಾಕಿದರೆ ನಿಮ್ಮನ್ನು ಯಾವ ಕ್ಲಾಸ್‌ಗೆ ಹಾಕುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಲೀಟರ್ ಲೆಕ್ಕದ ಸಾದಾ ಕ್ಲಾಸ್‌ನಲ್ಲಿ ಸಿಟಿ ವಿಟೆಕ್ ಇವತ್ತಿಗೂ ಮರ್ಯಾದೆ ಉಳಿಸಿಕೊಳ್ಳುವ ಗಾಡಿ. ನೈಟ್ರಸ್ ಹಾಕಿ ದೊಡ್ಡ ಟರ್ಬೊ ಗಾಡಿಗಳ ಪಕ್ಕ ನಿಂತರೆ 50 ಏನು, 100 ಬಂದರೂ ಹಿಂದಿನ ಬಂಪರ್ ನೋಡಿಕೊಂಡೇ ಬರಬೇಕು.

ಟೆಕ್ಸಾಸ್_ತುಮಕೂರು

ಕಡಲಕರೆಯವರು ಹೇಳಿದ್ದಕ್ಕೆ ನನ್ನದೂ ಓಟು. ಒಂದು ಸಣ್ಣ ತಿದ್ದುಪಡಿ, ಮುಂದೆ ಯಾವತ್ತಾದರೂ ಟ್ರ್ಯಾಕ್‌ಗೆ ಅಂತಲೇ ಬೇರೆ ಗಾಡಿ ಮಾಡಿದರೆ ಆಗ ನೈಟ್ರಸ್ ಮತ್ತೆ ಯೋಚಿಸಿ. ಫೋರ್ಜ್ಡ್ (ಬಡಿದು ಗಟ್ಟಿ ಮಾಡಿದ) ಪಿಸ್ಟನ್, ರಾಡ್ ಹಾಕಿದ ಇಂಜಿನ್, ಟ್ರೈಲರ್ ಮೇಲೆ ಹೋಗುವ ಗಾಡಿ. ಅಲ್ಲಿ ಅದು ನಿಜವಾಗಿ ಮಜಾ.

ವಿಟೆಕ್_ವಿಜಯನಗರ

ಸರಿ, ಕಿಟ್ ಬೇಡ ಅಂತ ಅವರಿಗೆ ಮೆಸೇಜ್ ಹಾಕಿದೆ. ಹಾಗಾದರೆ ಬಾಟಲ್ ಬಿಟ್ಟು ಬಾಕಿ ಮಾತ್ರ ಕೊಡಲಾ ಅಂತ ಕೇಳುತ್ತಿದ್ದಾರೆ 🤦

ನಿಜ ಹೇಳಬೇಕೆಂದರೆ ವಾಲ್ವ್ ಕ್ಲಿಯರೆನ್ಸ್ ಅನ್ನುವುದು ಒಂದಿದೆ ಅಂತಲೇ ನನಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತದೆ, ಬಿಸಿಯಾದ ಮೇಲೆ ಕಡಿಮೆ. ಅದು ಇದೇನಾ? ಶನಿವಾರ ಕಂಪ್ರೆಷನ್ ಟೆಸ್ಟ್‌ಗೆ ಬಿಡುತ್ತಿದ್ದೇನೆ. ಗ್ರೀಸ್ ಸಾರ್, ಅವರಿಗೆ ಏನಂತ ಹೇಳಲಿ?

ಗ್ರೀಸ್_ಕೈ

ಟಿಕ್ ಟಿಕ್ ಅದೇ ಇರಬಹುದು, ಆದರೆ ಹೆಡರ್ಸ್ ಗ್ಯಾಸ್ಕೆಟ್ ಸೋರುತ್ತಿದ್ದರೂ ತಣ್ಣಗಿದ್ದಾಗ ಹಾಗೇ ಕೇಳಿಸುತ್ತದೆ, ಮೊದಲು ಅದನ್ನು ನೋಡಿಸಿ. ವಾಲ್ವ್ ಕ್ಲಿಯರೆನ್ಸ್ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಬೇಕು, ಹಾಗಾಗಿ ಶುಕ್ರವಾರ ರಾತ್ರಿಯೇ ಗಾಡಿ ಬಿಟ್ಟು ಬನ್ನಿ. ಬೆಳಿಗ್ಗೆ ಅದನ್ನು ಮುಗಿಸಿ, ಆಮೇಲೆ ಒಂದು ರೌಂಡ್ ಓಡಿಸಿ ಇಂಜಿನ್ ಬಿಸಿ ಇರುವಾಗ ಕಂಪ್ರೆಷನ್ ನೋಡಲಿ. ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದಿರಬೇಕು, ಬ್ಯಾಟರಿ ಚೆನ್ನಾಗಿರಬೇಕು, ಇಲ್ಲದಿದ್ದರೆ ಬರುವ ಅಂಕಿಗೆ ಅರ್ಥವಿಲ್ಲ. ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಇಟ್ಟು ಫೋಟೊ ತೆಗೆಯಿರಿ. ನಾಲ್ಕೂ ರೀಡಿಂಗ್ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.